ರೋಗಿಯ ಕ್ಯಾಪ್‌ಗೂ ನನ್ನದೇ ದುಡ್ಡು

‘ಇನ್ನೂ ಓದ್ತಾನೇ ಇದೀಯಾ? ಡಾಕ್ಟ್ರಾಗಿ ಎಷ್ಟು ವರ್ಷ ಆಯ್ತಲ್ಲಮ್ಮಾ, ಸಂಬಳ ಎಷ್ಟು ಕೊಡ್ತಾರೆ?’ ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಇಂಟರ್ನ್‌ಶಿಪ್ ಸೇರಿ ಬಿಡಿಎಸ್ 5 ವರ್ಷ, ನಂತರ ನೀಟ್ ಎಂಡಿಎಸ್‌ಗೆ ತಯಾರಿ, ಈಗ 3 ವರ್ಷದ ಎಂಡಿಎಸ್‌ನಲ್ಲಿ ಎರಡನೇ ವರ್ಷ. ಹಲ್ಲುಸೆಟ್, ಕ್ಯಾಪ್, ಇಂಪ್ಲಾಂಟ್ ಕೂರಿಸುವ ಪ್ರಾಸ್ತೊಡಾಂಟಿಕ್ಸ್ ನನ್ನ ವಿಭಾಗ. ಸಂಬಳದ ಪ್ರಶ್ನೆಗೆ ನಗುವುದನ್ನು ಬಿಟ್ಟು ಬೇರೆ ಉತ್ತರ ನನ್ನಲ್ಲಿಲ್ಲ.

ಸರ್ಕಾರಿ ದಂತ ವೈದ್ಯಕೀಯ ಕಾಲೇಜಿನ ಸೀಟುಗಳು ಬೆರಳೆಣಿಕೆಯಷ್ಟು. ಉಳಿದವರ ಪಾಲಿಗೆ ಖಾಸಗಿ ಕಾಲೇಜೇ ಗತಿ. ಅಲ್ಲಿ ಯಾವ ಕೋಟಾ, ಯಾವ ವಿಭಾಗ ಎನ್ನುವುದರ ಮೇಲೆ ಫೀಸು. ಶೈಕ್ಷಣಿಕ ಸಾಲ ಏಳೂವರೆ ಲಕ್ಷ ದಾಟಿದರೆ ಬ್ಯಾಂಕು ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತದೆ. ನಮ್ಮ ಮನೆಪತ್ರ ಈಗ ಬ್ಯಾಂಕಿನಲ್ಲಿದೆ. ಕಂತು ಶುರುವಾಗುವುದು ಕೋರ್ಸ್ ಮುಗಿದ ಮೇಲೆ, ನಿಜ. ಆದರೆ ಬಡ್ಡಿ ಇಂದಿನಿಂದಲೇ ಬೆಳೆಯುತ್ತಿರುತ್ತದೆ.

ಫೀಸಿನ ಮಾತು ಎಲ್ಲರಿಗೂ ಗೊತ್ತು. ಯಾವ ಬ್ರೋಷರ್‌ನಲ್ಲೂ ಕಾಣದ ಖರ್ಚು ಬೇರೆಯೇ ಇದೆ. ಪರೀಕ್ಷೆಗೆ ಕೂರಬೇಕಾದರೆ ಇಂತಿಷ್ಟು ಹಲ್ಲುಸೆಟ್, ಇಂತಿಷ್ಟು ಕ್ಯಾಪ್, ಇಂತಿಷ್ಟು ಇಂಪ್ಲಾಂಟ್ ಕೇಸ್ ಮುಗಿಸಿರಬೇಕು. ಕಾಲೇಜಿಗೆ ಬರುವ ರೋಗಿ ಬಡವರು. ಇಂಪ್ಲಾಂಟ್‌ಗೆ ದುಡ್ಡು ಎಲ್ಲಿಂದ ತರುತ್ತಾರೆ? ಕೇಸ್ ನನಗೆ ಬೇಕು, ಹಲ್ಲು ಅವರಿಗೆ ಬೇಕು. ಹಾಗಾಗಿ ಲ್ಯಾಬ್ ಬಿಲ್ ನನ್ನದು. ಕೆಲವೊಮ್ಮೆ ಅವರ ಬಸ್ ಚಾರ್ಜೂ ನನ್ನದೇ. ಅಜ್ಜಿಯೊಬ್ಬರಿಗೆ ಪೂರ್ತಿ ಹಲ್ಲುಸೆಟ್ ಮಾಡಲು ಐದಾರು ಸಲ ಕರೆಸಬೇಕು. ನಾಲ್ಕನೇ ಸಲ ಅವರು ಬರದಿದ್ದರೆ ಅಲ್ಲಿಯವರೆಗಿನ ಖರ್ಚು ನೀರುಪಾಲು. ಇದರ ಮೇಲೆ ನಮ್ಮ ಉಪಕರಣ, ಪ್ರಬಂಧದ ಖರ್ಚು, ವಿಭಾಗದ ಸಮ್ಮೇಳನಗಳಿಗೆ ಓಡಾಟ.

ಇನ್ನು ಸ್ಟೈಪೆಂಡ್. ನನಗೆ ತಿಂಗಳಿಗೆ ಬರುವುದು 8,000 ರೂಪಾಯಿ, ಅದೂ ಮೂರು ತಿಂಗಳಿಗೊಮ್ಮೆ. ಪಿ.ಜಿ. ಓದುತ್ತ ಪಿ.ಜಿ.ಯಲ್ಲೇ ಇರುವವಳಿಗೆ ಅದು ಬಾಡಿಗೆಗೂ ಸಾಲದು. ಬೇರೆ ಕಾಲೇಜೊಂದರಲ್ಲಿರುವ ಗೆಳತಿಯ ಕಥೆ ಇನ್ನೂ ವಿಚಿತ್ರ. ಖಾತೆಗೆ ಹಣ ಬೀಳುತ್ತದೆ, ಮರುದಿನ ಬೇರೊಂದು ಹೆಸರಿನಲ್ಲಿ ವಾಪಸ್ ಕಟ್ಟಿಸಿಕೊಳ್ಳುತ್ತಾರೆ. ದಾಖಲೆಯಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ.

‘ನೀವು ವಿದ್ಯಾರ್ಥಿಗಳು, ಕಲಿಯುತ್ತಿದ್ದೀರಿ, ಸಂಬಳ ಯಾಕೆ?’ ಎನ್ನುವವರಿದ್ದಾರೆ. ಕಲಿಯುತ್ತಿದ್ದೇವೆ, ಒಪ್ಪಿದೆ. ಆದರೆ ಬೆಳಿಗ್ಗೆ ಒಂಬತ್ತರಿಂದ ಆ ಕುರ್ಚಿಗಳ ಪಕ್ಕ ನಿಂತು ಆಸ್ಪತ್ರೆಯನ್ನು ನಡೆಸುತ್ತಿರುವವರೂ ನಾವೇ ಅಲ್ಲವೇ? ಎಂಡಿ, ಎಂಎಸ್ ಓದುವವರು ಮುಷ್ಕರ ಮಾಡಿದರೆ ತುರ್ತು ಚಿಕಿತ್ಸೆ ನಿಲ್ಲುತ್ತದೆ, ಮಂತ್ರಿಗಳು ಮಾತುಕತೆಗೆ ಕರೆಯುತ್ತಾರೆ. ನಾವು ಕುಳಿತರೆ ಜನ ಇನ್ನೊಂದು ವಾರ ಲವಂಗ ಕಚ್ಚಿಕೊಂಡು ಕಾಯುತ್ತಾರೆ, ಅಷ್ಟೆ. ನಮ್ಮ ಸ್ಟೈಪೆಂಡ್ ಸುದ್ದಿಯಾಗದಿರುವುದಕ್ಕೆ ಇದೇ ಕಾರಣ ಎಂದು ನನ್ನ ಅನಿಸಿಕೆ.

ಇದು ನಮ್ಮ ಜೇಬಿನ ವಿಷಯ ಮಾತ್ರವಲ್ಲ. ಇಷ್ಟು ಸಾಲ ಹೊತ್ತು ಹೊರಬಂದವಳು ತಾಲ್ಲೂಕು ಕೇಂದ್ರದಲ್ಲಿ ಬೋರ್ಡ್ ಹಾಕಲು ಧೈರ್ಯ ಮಾಡುವುದಿಲ್ಲ. ಬೆಂಗಳೂರಿನಲ್ಲಿ ಚೀಲ ಹಿಡಿದು ಕ್ಲಿನಿಕ್‌ನಿಂದ ಕ್ಲಿನಿಕ್‌ಗೆ ಅಲೆಯುತ್ತಾಳೆ. ನಮ್ಮೂರಿನವರು ಒಂದು ಹಲ್ಲುಸೆಟ್‌ಗಾಗಿ ಜಿಲ್ಲಾ ಕೇಂದ್ರಕ್ಕೆ ಬಸ್ಸು ಹತ್ತುವುದು ತಪ್ಪುವುದಿಲ್ಲ. ಒಂಬತ್ತು ವಿಭಾಗಗಳಲ್ಲಿ ಸಾರ್ವಜನಿಕ ದಂತ ಆರೋಗ್ಯವೂ ಒಂದು. ಆದರೆ ಸಾಲದ ಲೆಕ್ಕ ಹಾಕುವವರು ಅತ್ತ ತಲೆ ಹಾಕುವುದೇ ಕಡಿಮೆ.

1948ರ ದಂತವೈದ್ಯರ ಕಾಯ್ದೆಯ ಬದಲಿಗೆ 2023ರಲ್ಲಿ ರಾಷ್ಟ್ರೀಯ ದಂತ ಆಯೋಗದ ಕಾಯ್ದೆ ಬಂದಿದೆ. ದೊಡ್ಡ ಸುಧಾರಣೆ ಆಮೇಲಾಗಲಿ. ಮೊದಲು ಪರೀಕ್ಷಾ ಪ್ರಾಧಿಕಾರದ ಸೀಟು ಪಟ್ಟಿಯಲ್ಲಿ ಫೀಸಿನ ಪಕ್ಕದಲ್ಲೇ ಆ ಕಾಲೇಜು ಕಳೆದ ವರ್ಷ ಬ್ಯಾಂಕ್ ಮೂಲಕ ಕೊಟ್ಟ ಸ್ಟೈಪೆಂಡನ್ನೂ ಪ್ರಕಟಿಸಲಿ. ಪರೀಕ್ಷೆಗೆ ಕಡ್ಡಾಯವಾದ ಕೇಸ್‌ಗಳ ಲ್ಯಾಬ್ ಖರ್ಚು ಕಾಲೇಜಿನದಾಗಲಿ.

ಅಲ್ಲಿಯವರೆಗೆ, ಈ ಸಲ ಆಪ್ಷನ್ ಎಂಟ್ರಿ ಮಾಡುವ ಜೂನಿಯರ್‌ಗಳೇ, ಕಾಲೇಜಿನ ಕಚೇರಿಗೆ ಫೋನ್ ಮಾಡುವ ಮೊದಲು ಅಲ್ಲಿ ಎರಡನೇ ವರ್ಷದಲ್ಲಿ ಓದುತ್ತಿರುವವರನ್ನು ಹುಡುಕಿ ಮಾತಾಡಿಸಿ. ಫೀಸು ಎಷ್ಟೆಂದು ಕೇಳಬೇಡಿ, ಅದು ವೆಬ್‌ಸೈಟಿನಲ್ಲೇ ಸಿಗುತ್ತದೆ. ಲ್ಯಾಬ್ ಬಿಲ್ ಯಾರು ಕಟ್ಟುತ್ತಾರೆ ಎಂದು ಕೇಳಿ.