ಕೀಲೆಣ್ಣೆ ಹಾಕಿದ ಕೈಗೆ ಬೇರಿಂಗು ಭಾರವೇ?

ಎತ್ತಿನ ಗಾಡಿಗೆ ಕೀಲೆಣ್ಣೆ ಹಾಕಲು ನಮ್ಮ ಹಿರಿಯರು ಯಾರನ್ನೂ ಕರೀತಿರಲಿಲ್ಲ. ನಾವು ಮಾತ್ರ ಬೈಕಿನ ಗಾಲಿ ಬೇರಿಂಗಿಗಾಗಿ ಹೊಲದ ಕೆಲಸ ಬಿಟ್ಟು ನಂಜನಗೂಡಲ್ಲೋ ಟಿ. ನರಸೀಪುರದಲ್ಲೋ ಹೋಗಿ ಕೂರ್ತೀವಿ. ಇದು ಬೇಕಿಲ್ಲ ಅನ್ನೋದು ನನ್ನ ಅಭಿಪ್ರಾಯ.

ನಮ್ಮ ಕಡೆ ರಾಗಿ, ಹುರುಳಿ ರಸ್ತೆಗೇ ಹರಡ್ತೀವಿ. ಅದರ ಮೇಲೆ ಓಡಿಸಿದರೆ ಬಳ್ಳಿ ಆಕ್ಸಲ್‌ಗೆ ಸುತ್ತಿ ಸೀಲು ಹರಿಯುತ್ತದೆ. ಧೂಳು, ನೀರು ಒಳಸೇರಿ ಗ್ರೀಸು ಕೆಡುತ್ತದೆ. ಮೇಲೆ ಗೊಬ್ಬರದ ಮೂಟೆ ಬೇರೆ. ಬೇರಿಂಗು ಒಡೆದು ಗಾಲಿ ಓಲಾಡಿದರೆ ಹಿಂದೆ ಕೂತ ಮಗುವಿಗೂ ಅಪಾಯ.

ಗಾಲಿಯನ್ನು ನೆಲದಿಂದ ಎತ್ತಿ ಅಡ್ಡಕ್ಕೆ ಅಲ್ಲಾಡಿಸಿ. ಕಟಕಟ ಅಂದರೆ ಬೇರಿಂಗು ನೋಡಲೇಬೇಕು. ಗಾಲಿ ಬಿಚ್ಚಿ, ನಡುವಿನ ಕೊಳವೆಯನ್ನು ತುಸು ಸರಿಸಿ, ಆಚೆ ಕಡೆಯಿಂದ ಸಲಾಕಿ ಇಟ್ಟು ಸುತ್ತಲೂ ತಟ್ಟಿದರೆ ಹಳೇದು ಹೊರಬರುತ್ತದೆ. ಅದರ ಮೇಲಿನ ನಂಬರನ್ನು ಅಂಗಡಿಯಲ್ಲಿ ತೋರಿಸಿ. 6301 ಅಂದರೆ ಯಾವ ಕಂಪನಿಯದಾದರೂ ಒಳವ್ಯಾಸ 12, ಹೊರವ್ಯಾಸ 37, ದಪ್ಪ 12 ಮಿಲಿಮೀಟರ್. ಎರಡೂ ಬದಿಯದನ್ನು ಒಟ್ಟಿಗೇ ಬದಲಿಸಿ, ಸೀಲನ್ನೂ ಹೊಸದು ಹಾಕಿ.

ಹೊಸದನ್ನು ಹೊರಬಳೆಯ ಮೇಲಷ್ಟೇ ತಟ್ಟಿ ಕೂರಿಸಬೇಕು. ಒಳಬಳೆಗೆ ಹೊಡೆದರೆ ಗುಂಡುಗಳಿಗೆ ಪೆಟ್ಟು. ಎರಡರ ನಡುವೆ ಕೊಳವೆ ಹಾಕದೆ ಆಕ್ಸಲ್ ಬಿಗಿದರೆ ಕೊಟ್ಟ ದುಡ್ಡು ದಂಡ.

ಬೇರಿಂಗು ಕೂರುವ ಗೂಡೇ ಸವೆದು ಸಡಿಲವಾಗಿದ್ದರೆ ಮೆಕ್ಯಾನಿಕ್ ಬೇಕೇ ಬೇಕು. ಮಿಕ್ಕಿದ್ದಕ್ಕೆ ಸುತ್ತಿಗೆ, ಸ್ಪ್ಯಾನರ್, ಗ್ರೀಸು, ಒಂದಿಷ್ಟು ತಾಳ್ಮೆ ಸಾಕು. ಒಕ್ಕಣೆ ಮುಗಿದ ದಿನವೇ ಆಕ್ಸಲ್‌ಗೆ ಸುತ್ತಿದ ಬಳ್ಳಿ ಕಿತ್ತುಹಾಕಿದರೆ ಅಷ್ಟು ಕೆಲಸವೂ ಬೇಗ ಬರೋದಿಲ್ಲ.