ದಡವನ್ನು ಈಜು ಬಾರದವರು ಆರಿಸಲಿ

ಜೂನ್ ಬಂತೆಂದರೆ ಬೇ ಏರಿಯಾದ ಕನ್ನಡ ಮನೆಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಈ ಸಲ ಟಾಹೋದಲ್ಲಿ ಯಾವ ಬೀಚ್‌ಗೆ ಹೋಗೋಣ? ಮಕ್ಕಳಿಗೆ ಶಾಲೆ ಮುಗಿದಿರುತ್ತದೆ. ಊರಿನಿಂದ ಅಪ್ಪ ಅಮ್ಮ ಬಂದಿರುತ್ತಾರೆ. ಫ್ರೀಮಾಂಟಿನಿಂದಲೋ ಸನ್ನಿವೇಲಿನಿಂದಲೋ ಹೊರಟರೆ ಸುಮಾರು ನಾಲ್ಕು ಗಂಟೆಯ ದಾರಿ. ಯಾರೋ ಒಬ್ಬರು ಸ್ಯಾಂಡ್ ಹಾರ್ಬರ್‌ನ ಒಂದು ಚಿತ್ರ ಹಾಕುತ್ತಾರೆ. ದುಂಡು ಬಂಡೆಗಳು, ತಳ ಕಾಣುವ ಹಸಿರು ನೀರು, ಆಚೆ ಇನ್ನೂ ಹಿಮ ಉಳಿಸಿಕೊಂಡ ಬೆಟ್ಟಸಾಲು. ಚರ್ಚೆ ಅಲ್ಲಿಗೆ ಮುಗಿಯುತ್ತದೆ.

ಆ ಚಿತ್ರದಲ್ಲಿ ಸುಳ್ಳೇನೂ ಇಲ್ಲ. ಆದರೆ ನೀರು ಎಷ್ಟು ತಣ್ಣಗಿದೆ, ದಡದಿಂದ ಎಷ್ಟು ಹೆಜ್ಜೆಗೆ ಆಳವಾಗುತ್ತದೆ, ಮಧ್ಯಾಹ್ನ ಗಾಳಿ ಯಾವ ಕಡೆಗೆ ಬೀಸುತ್ತದೆ, ಕಾರನ್ನು ಎಲ್ಲಿ ನಿಲ್ಲಿಸಬೇಕು, ಇವು ಯಾವ ಚಿತ್ರದಲ್ಲೂ ಕಾಣುವುದಿಲ್ಲ. ದಡದ ಆಯ್ಕೆ ನಿಜವಾಗಿ ನಿಂತಿರುವುದು ಇವುಗಳ ಮೇಲೆ.

ನಾನು ಬೆಳೆದ ಊರಿನಲ್ಲಿ ದೊಡ್ಡ ಕೆರೆಯೇ ಇತ್ತು. ಆದರೂ ನಮ್ಮ ಮನೆಯ ಹೆಣ್ಣುಮಕ್ಕಳು ಯಾರೂ ಈಜು ಕಲಿಯಲಿಲ್ಲ. ಕೆರೆಯ ಕಡೆ ಹೋಗಬೇಡಿ ಎಂಬ ಒಂದೇ ಮಾತಿನಲ್ಲಿ ನಮ್ಮ ಜಲಶಿಕ್ಷಣ ಮುಗಿದಿತ್ತು. ನಮ್ಮಲ್ಲಿ ಅನೇಕರ ಕಥೆ ಇದೇ ಎಂದು ಬಲ್ಲೆ. ಇಲ್ಲಿ ಹುಟ್ಟಿದ ಮಕ್ಕಳು ಐದನೆಯ ವಯಸ್ಸಿಗೇ ಕೊಳದಲ್ಲಿ ಈಜುತ್ತಾರೆ. ದಡದಲ್ಲಿ ನಿಂತು ಅವರನ್ನು ಕಾಯುವ ಅಪ್ಪ, ಅಮ್ಮ, ಅಜ್ಜಿ, ತಾತನಿಗೆ ಈಜು ಬರುವುದಿಲ್ಲ. ಒಂದು ಕುಟುಂಬ ಸರೋವರಕ್ಕೆ ಹೊರಟಾಗ ಈ ವ್ಯತ್ಯಾಸವೂ ಜೊತೆಗೇ ಹೊರಡುತ್ತದೆ.

ಟಾಹೋ ಎಂಥ ನೀರು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಕ್ಯಾಲಿಫೋರ್ನಿಯಾ, ನೆವಾಡ ಎರಡೂ ರಾಜ್ಯಗಳಿಗೆ ಹಂಚಿಹೋದ ಈ ಸರೋವರದ ನೀರಿನ ಮಟ್ಟ ಸಮುದ್ರದಿಂದ ಸುಮಾರು 1,897 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ಸ್ವಲ್ಪವೇ ಕೆಳಗೆ. ಅತಿ ಹೆಚ್ಚಿನ ಆಳ 501 ಮೀಟರ್. ಜೋಗದ ಎತ್ತರವನ್ನು ಒಂದರ ಮೇಲೊಂದು ಎರಡು ಬಾರಿ ನಿಲ್ಲಿಸಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಇಂಥ ನೀರು ಬೇಸಿಗೆಯಲ್ಲೂ ಮೇಲುಪದರದಲ್ಲಿ ಮಾತ್ರ ಬೆಚ್ಚಗಾಗುತ್ತದೆ. ಜೂನ್ ಮೊದಲ ವಾರಗಳಲ್ಲಿ ಆ ಮೇಲಿನ ನೀರೂ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುವುದುಂಟು. ಆಗಸ್ಟ್ ಹೊತ್ತಿಗೆ 20ರ ಹತ್ತಿರ ಬರುತ್ತದೆ. ಮಕ್ಕಳು ಈಜು ಕಲಿಯುವ ಕೊಳವನ್ನು 27, 28 ಡಿಗ್ರಿಗೆ ಕಾಯಿಸಿರುತ್ತಾರೆ. ಕೊಳದಲ್ಲಿ ಹತ್ತು ಸುತ್ತು ಈಜುವ ಮಗುವಿಗೂ ಈ ನೀರು ಹೊಸದು.

ತಣ್ಣೀರಿಗೆ ಒಮ್ಮೆಲೇ ಧುಮುಕಿದಾಗ ಎದೆ ತಾನಾಗಿಯೇ ದೊಡ್ಡದೊಂದು ಉಸಿರು ಎಳೆದುಕೊಳ್ಳುತ್ತದೆ. ಅದನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಆ ಕ್ಷಣ ಮುಖ ನೀರಿನೊಳಗಿದ್ದರೆ ಒಳಗೆ ಹೋಗುವುದು ನೀರು. ಮೊದಲ ಒಂದು ನಿಮಿಷ ಉಸಿರನ್ನು ಹತೋಟಿಗೆ ತಂದುಕೊಳ್ಳುವುದರಲ್ಲೇ ಕಳೆಯುತ್ತದೆ. ಬಹಳ ತಣ್ಣಗಿನ ನೀರಿನಲ್ಲಿ ಹತ್ತು ನಿಮಿಷ ಕಳೆಯುವಷ್ಟರಲ್ಲಿ ಕೈಕಾಲುಗಳ ಬಲ ಉಡುಗತೊಡಗುತ್ತದೆ. ಚೆನ್ನಾಗಿ ಈಜುವವರೂ ಇದಕ್ಕೆ ಹೊರತಲ್ಲ. ಆದ್ದರಿಂದ ಬಂಡೆಯ ಮೇಲಿಂದ ಹಾರುವ ಬದಲು ಪಾದ, ಮೊಣಕಾಲು, ಸೊಂಟ ಎಂದು ಮೆಲ್ಲಗೆ ಇಳಿಯಿರಿ. ಮೈ ಒಗ್ಗಿಕೊಳ್ಳಲು ಸಮಯ ಕೊಡಿ. ರಕ್ತದೊತ್ತಡ ಅಥವಾ ಹೃದಯದ ತೊಂದರೆ ಇರುವ ಹಿರಿಯರು ಮೊಣಕಾಲಿನವರೆಗಿನ ನೀರಿನಲ್ಲೇ ಸಂತೋಷ ಪಡಲಿ.

ಬಂಧುಗಳೇ, ಇಲ್ಲಿಂದ ಮುಂದೆ ನಿಮ್ಮೊಡನೆ ನೇರವಾಗಿ ಮಾತನಾಡುತ್ತೇನೆ. ನನ್ನದು ಮುಖ್ಯವಾಗಿ ಒಂದೇ ಕೋರಿಕೆ. ದಡವನ್ನು ನಿಮ್ಮ ಗುಂಪಿನಲ್ಲಿ ಈಜು ಬಾರದವರು ಆರಿಸಲಿ. ಅವರಿಗೆ ಯಾವುದು ಹಿತವೋ ಅದೇ ಎಲ್ಲರ ದಡವಾಗಲಿ. ಈ ಮಾತನ್ನು ಹೊರಡುವ ಹಿಂದಿನ ಸಂಜೆ, ಊಟದ ಹೊತ್ತಿಗೇ ತೀರ್ಮಾನಿಸಿಕೊಳ್ಳಿ. ದಡ ತಲುಪಿದ ಮೇಲೆ, ನೀರು ಕಂಡ ಮಕ್ಕಳ ಮುಂದೆ ಯಾವ ತೀರ್ಮಾನವೂ ನಿಲ್ಲುವುದಿಲ್ಲ.

ಉತ್ತರ ದಂಡೆಯ ಕಿಂಗ್ಸ್ ಬೀಚ್ ನನಗೆ ಬಹಳ ಪ್ರಿಯವಾದುದು ಇದೇ ಕಾರಣಕ್ಕೆ. ಅಲ್ಲಿ ಮರಳು ನೀರಿನೊಳಗೂ ದೂರದವರೆಗೆ ಸಮವಾಗಿ ಸಾಗುತ್ತದೆ. ಒಮ್ಮೆ ಒಬ್ಬ ಅಜ್ಜಿ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಮೊಮ್ಮಗಳನ್ನು ಹಿಡಿದು ಮೂವತ್ತು ಹೆಜ್ಜೆ ನಡೆದರೂ ನೀರು ಮೊಣಕಾಲು ದಾಟಿರಲಿಲ್ಲ. ಆಳವಿಲ್ಲದ ನೀರು ಬಿಸಿಲಿಗೆ ಬೇಗ ಬೆಚ್ಚಗಾಗುತ್ತದೆ ಕೂಡ. ದಕ್ಷಿಣದಲ್ಲಿ ಅರಣ್ಯ ಇಲಾಖೆಯ ಪೋಪ್ ಬೀಚ್, ಬಾಲ್ಡ್‌ವಿನ್ ಬೀಚ್‌ಗಳಿವೆ. ಉದ್ದನೆಯ ಮರಳು, ಹಿಂದೆ ಪೈನ್ ಮರಗಳ ನೆರಳು. ಕುಟುಂಬಗಳಿಗೆ ಒಪ್ಪುವ ಜಾಗಗಳು.

ಪಶ್ಚಿಮ ದಂಡೆಯ ಡಿ.ಎಲ್. ಬ್ಲಿಸ್ ಉದ್ಯಾನ ಕಣ್ಣಿಗೆ ಹಬ್ಬ. ಆದರೆ ಅಲ್ಲಿಯ ರೂಬಿಕಾನ್ ಪಾಯಿಂಟ್ ಬಳಿ ತಳ ಒಮ್ಮೆಗೇ ಕಡಿದಾಗಿ ಇಳಿಯುತ್ತದೆ. ಇನ್ನೊಂದು ಸಂಗತಿಯೂ ಇದೆ. ಇಲ್ಲಿ ಹೆಚ್ಚಾಗಿ ಬೀಸುವುದು ನೈರುತ್ಯದ ಗಾಳಿ. ಅದು ಜೋರಾಗಿ ಬೀಸಿದಾಗ ಮೇಲಿನ ಬೆಚ್ಚನೆಯ ನೀರನ್ನು ಪೂರ್ವಕ್ಕೆ ತಳ್ಳಿಕೊಂಡು ಹೋಗುತ್ತದೆ. ಆ ಜಾಗ ತುಂಬಲು ಪಶ್ಚಿಮ ದಂಡೆಯಲ್ಲಿ ಆಳದ ತಣ್ಣೀರು ಮೇಲೇಳುತ್ತದೆ. ನಿನ್ನೆ ಈಜಿದ ನೀರು ಇಂದು ಕೊರೆಯುವಷ್ಟು ತಣ್ಣಗಿರಬಹುದು. ಎಮರಾಲ್ಡ್ ಬೇಯ ವೈಕಿಂಗ್ಸ್‌ಹೋಮ್ ದಡಕ್ಕೆ ಸುಮಾರು ಒಂದು ಮೈಲಿ ಇಳಿದು ಹೋಗಬೇಕು. ಇಳಿಯುವುದು ಸುಲಭ. ಆ ಎತ್ತರದ ತೆಳು ಗಾಳಿಯಲ್ಲಿ ಅಷ್ಟನ್ನೂ ಮತ್ತೆ ಹತ್ತುವಾಗ ಅತ್ತೆ ಮಾವನವರಿಗೆ ಏನನ್ನಿಸುತ್ತದೆ ಎಂದು ಮೊದಲೇ ಕೇಳಿ.

ಗಾಳಿಯ ಮಾತು ಬಂದಿದ್ದರಿಂದ ಇನ್ನೊಂದಿಷ್ಟು ಹೇಳಬೇಕು. ಬೆಳಗಿನ ಹೊತ್ತು ಟಾಹೋ ಬಹುಪಾಲು ಶಾಂತ. ಮಧ್ಯಾಹ್ನ ಗಾಳಿ ಏಳುತ್ತದೆ. ದಕ್ಷಿಣ, ಪಶ್ಚಿಮ ದಂಡೆಗಳಲ್ಲಿ ಅದು ನೆಲದಿಂದ ನೀರಿನ ಕಡೆಗೆ ಬೀಸುವುದರಿಂದ, ಗಾಳಿ ತುಂಬಿದ ಟ್ಯೂಬಿನ ಮೇಲೆ ಮಲಗಿದ ಮಗು ನೋಡನೋಡುತ್ತಲೇ ದೂರ ಸಾಗಬಲ್ಲದು. ಅಂಥ ಟ್ಯೂಬುಗಳು ಆಟಿಕೆಗಳು. ಜೀವ ಉಳಿಸಲು ಮಾಡಿದವಲ್ಲ. ಚಲಿಸುವ ದೋಣಿಯಲ್ಲಿರುವ 13 ವರ್ಷದೊಳಗಿನ ಮಕ್ಕಳು ಲೈಫ್ ಜಾಕೆಟ್ ತೊಟ್ಟಿರಲೇಬೇಕೆಂಬುದು ಎರಡೂ ರಾಜ್ಯಗಳ ಕಾನೂನು. ದೊಡ್ಡವರು ಕಯಾಕ್, ಪ್ಯಾಡಲ್ ಬೋರ್ಡ್ ಹತ್ತಿದರೂ ಜಾಕೆಟ್ ಜೊತೆಗಿರಬೇಕು. ಜೊತೆಗಿರುವುದಷ್ಟೇ ಸಾಲದು, ದಯವಿಟ್ಟು ತೊಟ್ಟುಕೊಳ್ಳಿ. 2025ರ ಜೂನ್ 21ರ ಮಧ್ಯಾಹ್ನ ಡಿ.ಎಲ್. ಬ್ಲಿಸ್ ಸಮೀಪ ಹಠಾತ್ತನೆ ಎದ್ದ ಬಿರುಗಾಳಿಗೆ ಹತ್ತು ಜನರಿದ್ದ ದೋಣಿಯೊಂದು ಮಗುಚಿತು. ಎಂಟು ಜನ ತೀರಿಕೊಂಡರು. ಹಿರಿಯರೊಬ್ಬರ ಹುಟ್ಟುಹಬ್ಬಕ್ಕೆ ಸೇರಿದ್ದ ಬಂಧುಮಿತ್ರರು ಅವರು. ಹೆದರಿಸಲು ಇದನ್ನು ಬರೆಯುತ್ತಿಲ್ಲ. ಅಂದು ಬೆಳಗಿನ ನೀರನ್ನು ನೋಡಿ ಮಧ್ಯಾಹ್ನದ ನೀರನ್ನು ಊಹಿಸುವುದು ಯಾರಿಗೂ ಸುಲಭವಿರಲಿಲ್ಲ. ಹೊರಡುವ ಮುನ್ನ ಗಾಳಿಯ ಮುನ್ಸೂಚನೆ ನೋಡುವುದಕ್ಕೆ ಎರಡು ನಿಮಿಷ ಸಾಕು. ಬೇಗ ಹೋಗಿ, ನೀರಾಟ ಬೆಳಿಗ್ಗೆಯೇ ಆಗಲಿ, ಮಧ್ಯಾಹ್ನ ಮರದ ನೆರಳಿನಲ್ಲಿ ಮೊಸರನ್ನ ಬಿಚ್ಚಿ.

ಇಲ್ಲಿಯ ಬಹುತೇಕ ದಡಗಳಲ್ಲಿ ಜೀವರಕ್ಷಕರಿಲ್ಲ. ಎತ್ತರದ ಕುರ್ಚಿಯಲ್ಲಿ ಸೀಟಿ ಹಿಡಿದು ಕೂತವರನ್ನು ಕಂಡು ನಿಶ್ಚಿಂತೆಯಿಂದ ಇರುವಂತಿಲ್ಲ. ಇಪ್ಪತ್ತು ಜನರ ಗುಂಪಿನಲ್ಲಿ ಎಲ್ಲರೂ ನೋಡುತ್ತಿದ್ದಾರೆ ಎಂದುಕೊಂಡಾಗಲೇ ಯಾರೂ ನೋಡುತ್ತಿರುವುದಿಲ್ಲ. ಮುಳುಗುವವರು ಸಿನಿಮಾದಲ್ಲಿ ತೋರಿಸುವಂತೆ ಕೂಗುವುದೂ ಇಲ್ಲ. ಉಸಿರಿಗೇ ಪರದಾಡುವಾಗ ಕೂಗಲು ಉಸಿರೆಲ್ಲಿ? ಆದ್ದರಿಂದ ಹದಿನೈದು ನಿಮಿಷಕ್ಕೊಬ್ಬರಂತೆ ಸರದಿ ಹಾಕಿಕೊಳ್ಳಿ. ಸರದಿಯಲ್ಲಿರುವವರ ಕೈಯಲ್ಲಿ ಫೋನ್ ಬೇಡ, ಬಾಯಲ್ಲಿ ಹರಟೆ ಬೇಡ, ಕಣ್ಣು ಮಕ್ಕಳ ಮೇಲೆ. ಈಜು ಬಲ್ಲವರಿಗೆ ಈ ಕೆಲಸ ಕೊಡಿ.

ಈಗ ಕಾರಿನ ವಿಷಯ. ದಡ ಆರಿಸುವುದಕ್ಕೂ ಪಾರ್ಕಿಂಗಿಗೂ ಏನು ಸಂಬಂಧ ಎನಿಸಬಹುದು. ಸಂಬಂಧ ಇರುವುದು ನೀರಿನ ತಿಳಿಯಲ್ಲಿ. ಟಾಹೋದ ನೀರು ಎಷ್ಟು ತಿಳಿ ಎಂಬುದನ್ನು ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 1968ರಿಂದ ಅಳೆಯುತ್ತ ಬಂದಿದ್ದಾರೆ. ಬಿಳಿಯ ತಟ್ಟೆಯೊಂದನ್ನು ನೀರಿಗೆ ಇಳಿಬಿಟ್ಟು, ಅದು ಕಣ್ಮರೆಯಾಗುವ ಆಳವನ್ನು ಗುರುತಿಸುತ್ತಾರೆ. ಆಗ ಆ ತಟ್ಟೆ ಸುಮಾರು 100 ಅಡಿ ಆಳದವರೆಗೆ ಕಾಣುತ್ತಿತ್ತು. 2024ರ ಸರಾಸರಿ 62.3 ಅಡಿ. ನೀರನ್ನು ಮಸುಕು ಮಾಡುವುದರಲ್ಲಿ ರಸ್ತೆ, ಕಟ್ಟಡಗಳ ಕಡೆಯಿಂದ ಹರಿದು ಬರುವ ನುಣುಪಾದ ಧೂಳಿನ ಪಾಲು ದೊಡ್ಡದು. ಹೆದ್ದಾರಿಯ ಅಂಚಿನ ಮಣ್ಣಿನ ಮೇಲೆ ಕಾರು ಹತ್ತಿಸಿದಾಗ ಹುಲ್ಲು ಸಾಯುತ್ತದೆ, ಮಣ್ಣು ಸಡಿಲವಾಗುತ್ತದೆ, ಮಳೆ ಬಂದಾಗ ಆ ಮಣ್ಣು ಸರೋವರ ಸೇರುತ್ತದೆ. ನಾವು ನೋಡಲು ಬಂದ ತಿಳಿನೀರು ನಮ್ಮ ಚಕ್ರದಡಿಯಿಂದಲೇ ಒಂದಿಷ್ಟು ಕದಡುತ್ತದೆ.

ಸ್ಯಾಂಡ್ ಹಾರ್ಬರ್‌ಗೇ ಹೋಗಬೇಕೆಂದರೆ ಹೋಗಿ, ಅದು ಅಷ್ಟು ಚೆಲುವಾದ ಜಾಗ. ಬೇಸಿಗೆಯಲ್ಲಿ ಬೆಳಗಿನ ಹೊತ್ತು ಕಾರಿನಲ್ಲಿ ಹೋಗುವವರು 2025ರಿಂದ ಮುಂಗಡ ಕಾದಿರಿಸಬೇಕಾಗಿದೆ. ಪಕ್ಕದ ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ ನಡೆದು ಒಳಹೋಗಲು ಅನುಮತಿಯಿಲ್ಲ. ಇನ್‌ಕ್ಲೈನ್ ವಿಲೇಜ್‌ನಿಂದ ಬೇಸಿಗೆಯಲ್ಲಿ ಬಸ್ಸು ಓಡುತ್ತದೆ. ಉತ್ತರ ದಂಡೆಯ ಟಾರ್ಟ್ ಬಸ್ಸುಗಳಿಗೂ ದಕ್ಷಿಣದ ಲೇಕ್ ಲಿಂಕ್ ವಾಹನಗಳಿಗೂ ಟಿಕೆಟ್ಟಿನ ಹಣವಿಲ್ಲ. ಮನೆಯಲ್ಲೇ ಎರಡು ದಡಗಳ ಹೆಸರು ಬರೆದುಕೊಳ್ಳಿ. ಮೊದಲನೆಯದರ ಬಾಗಿಲಲ್ಲಿ ಜಾಗವಿಲ್ಲ ಎಂದರೆ, ಅಲ್ಲಿರುವ ಸಿಬ್ಬಂದಿಗೆ ನಮಸ್ಕಾರ ಹೇಳಿ ಎರಡನೆಯದಕ್ಕೆ ನಡೆಯಿರಿ.

ಇನ್ನು ಕಸದ ಮಾತು. 2023ರ ಜುಲೈ ನಾಲ್ಕರ ಹಬ್ಬದ ಮಾರನೆಯ ಬೆಳಿಗ್ಗೆ ಸ್ವಯಂಸೇವಕರು ಟಾಹೋದ ಕೆಲವೇ ದಡಗಳಿಂದ 8,559 ಪೌಂಡ್ ಕಸ ಎತ್ತಿದರು. ನಮ್ಮ ಲೆಕ್ಕದಲ್ಲಿ ಸುಮಾರು 3,900 ಕಿಲೋ. ಅದರ ಬಹುಪಾಲು ಜೆಫಿರ್ ಶೋಲ್ಸ್ ಎಂಬ ಒಂದೇ ಜಾಗದ್ದು. ಮರುವರ್ಷ ಅಲ್ಲಿ ಮೇಲ್ವಿಚಾರಣೆ ಬಂತು, ಸಿಬ್ಬಂದಿ ಬಂದರು, ಕಸ ಬಹಳ ಇಳಿಯಿತು. ಒಂದೇ ವರ್ಷದಲ್ಲಿ ಜನ ಬದಲಾಗಲು ಸಾಧ್ಯ ಎಂಬ ಈ ಸುದ್ದಿ ನನಗೆ ಬಹಳ ಸಮಾಧಾನ ಕೊಟ್ಟಿತು. ನೋಡಿಕೊಳ್ಳುವವರಿರುವ, ಶೌಚಾಲಯ, ಕಸದ ತೊಟ್ಟಿ ಇರುವ ದಡವನ್ನೇ ಆರಿಸಿ ಎಂದು ಕೇಳುವುದು ಅದಕ್ಕಾಗಿ. ಕರಡಿಗಳು ತೆರೆಯಲಾಗದಂಥ ತೊಟ್ಟಿಗಳು ಅಲ್ಲಿರುತ್ತವೆ. ಅವುಗಳ ಬಾಗಿಲು ಸರಿಯಾಗಿ ಮುಚ್ಚಿದೆಯೇ ನೋಡಿ.

ಈ ಬೇಸಿಗೆಯಲ್ಲಿ ಮಕ್ಕಳ ಮನೆಗೆಂದು ಬಂದಿರುವ ಹಿರಿಯರಲ್ಲಿ ಒಂದು ಮಾತು. ಇಂಥ ನೀರನ್ನು ಕಂಡಾಗ ಹೂವು, ಅರಿಸಿನ, ಕುಂಕುಮ ಅರ್ಪಿಸಬೇಕೆಂದು ನಿಮ್ಮ ಮನಸ್ಸು ಬಯಸುತ್ತದೆ. ನನ್ನ ತಾಯಿಯೂ ಚೀಲದಲ್ಲಿ ಅರಿಸಿನದ ಪೊಟ್ಟಣ ತಂದಿದ್ದರು. ಆದರೆ ಈ ನೀರಿಗೆ ಹಾಕಿದ್ದು ಬೇಗ ಹೊರಹೋಗುವುದಿಲ್ಲ. ಟಾಹೋಗೆ ಬಂದು ಸೇರುವ ತೊರೆಗಳು 63. ಹೊರಗೆ ಹರಿಯುವುದು ಟ್ರಕೀ ಎಂಬ ಒಂದೇ ನದಿ. ಅದೂ ಸಮುದ್ರ ಸೇರದೆ ನೆವಾಡದ ಪಿರಮಿಡ್ ಸರೋವರದಲ್ಲಿ ಕೊನೆಗೊಳ್ಳುತ್ತದೆ. ಒಳಗೆ ಬಂದ ನೀರು ಸರಾಸರಿ ಆರುನೂರು ವರ್ಷಕ್ಕೂ ಹೆಚ್ಚು ಕಾಲ ಇಲ್ಲಿಯೇ ಇರುತ್ತದೆ ಎನ್ನುತ್ತಾರೆ ತಜ್ಞರು. ಸುತ್ತಲಿನ ಊರುಗಳ ಜನ ಕುಡಿಯುವುದೂ ಇದೇ ನೀರನ್ನು. ವಾಶೊ ಎಂಬ ಮೂಲನಿವಾಸಿ ಜನರಿಗೆ ಇದು ಅವರ ಲೋಕದ ನಡುಮನೆ. ಅವರು ಕರೆಯುವ 'ದಾ ಓ' ಎಂಬ ಹೆಸರೇ ಹೊರಗಿನವರ ಬಾಯಲ್ಲಿ ಟಾಹೋ ಆಯಿತು. ಅವರಿಗೂ ನಿಮ್ಮಂತೆಯೇ ಈ ನೀರು ಪೂಜ್ಯ. ಕೈಮುಗಿದು ನಮಸ್ಕರಿಸಿ, ಅಷ್ಟು ಸಾಕು. ಅಂದು ಅಮ್ಮ ಪೊಟ್ಟಣವನ್ನು ಹಾಗೆಯೇ ಮನೆಗೆ ತಂದರು.

ಮರಳಿನಲ್ಲಿ ಅಲ್ಲಲ್ಲಿ ಹಗ್ಗದ ಬೇಲಿ ಕಂಡರೆ ಒಳಗೆ ಕಾಲಿಡಬೇಡಿ. ಟಾಹೋ ಯೆಲ್ಲೋ ಕ್ರೆಸ್ ಎಂಬ ಪುಟ್ಟ ಹಳದಿ ಹೂವಿನ ಗಿಡ ಅಲ್ಲಿ ಬೆಳೆಯುತ್ತಿರಬಹುದು. ಜಗತ್ತಿನಲ್ಲಿ ಈ ಸರೋವರದ ದಂಡೆ ಬಿಟ್ಟು ಬೇರೆಲ್ಲೂ ಅದು ಸಹಜವಾಗಿ ಬೆಳೆಯುವುದಿಲ್ಲ. ಮಕ್ಕಳಿಗೆ ತೋರಿಸಿ. ದೂರದಿಂದ ಬಗ್ಗಿ ನೋಡಿದರೂ ಕಾಣುತ್ತದೆ.

ಹೊರಡುವ ಹೊತ್ತಿಗೆ ಎಲ್ಲರೂ ದಣಿದಿರುತ್ತೀರಿ. ಆದರೂ ಐದು ನಿಮಿಷ ಕೊಡಿ. ಚಾಪೆ ಎತ್ತಿದ ಜಾಗದಲ್ಲಿ ಬಾಟಲಿಯ ಮುಚ್ಚಳ, ಚಾಕೊಲೇಟಿನ ತುಂಡು ಹಾಳೆ, ಕಡಲೆಕಾಯಿ ಸಿಪ್ಪೆ ಉಳಿದಿರುತ್ತದೆ. ಮಕ್ಕಳ ಕಣ್ಣು ಅದಕ್ಕೆ ಚುರುಕು. ಬೇರೆ ನೀರಿನಿಂದ ಅಂಟಿಕೊಂಡು ಬಂದ ಸಣ್ಣ ಬಸವನಹುಳು, ಕಳೆಗಿಡಗಳು ಈಗಾಗಲೇ ಟಾಹೋದೊಳಗೆ ನೆಲೆಯೂರಿವೆ. 2023ರಲ್ಲಿ ನ್ಯೂಜಿಲೆಂಡ್ ಮಣ್ಣಿನ ಬಸವನಹುಳು ದಕ್ಷಿಣ ದಂಡೆಯಲ್ಲಿ ಸಿಕ್ಕಿತು. ಹೀಗಾಗಿ ಕಯಾಕ್, ಪ್ಯಾಡಲ್ ಬೋರ್ಡ್, ಟ್ಯೂಬು, ಮರಳಾಟದ ಬಕೆಟ್ಟು ಎಲ್ಲವನ್ನೂ ದಡದಲ್ಲೇ ಒರೆಸಿ, ಒಳಗಿನ ನೀರು ಚೆಲ್ಲಿ. ಮನೆ ತಲುಪಿದ ಮೇಲೆ ಬಾಲ್ಕನಿಯಲ್ಲಿ ಬಿಸಿಲಿಗೆ ಹಾಕಿ, ಪೂರ್ತಿ ಒಣಗಿದ ನಂತರವೇ ಒಳಗೆ ಎತ್ತಿಡಿ. ಮುಂದಿನ ವಾರ ಬೇರೊಂದು ಕೆರೆಗೆ ಹೋಗುವಾಗ ಅವೇ ಮತ್ತೆ ಕಾರು ಹತ್ತುತ್ತವೆ.