ಹೆಸರು ಬ್ಯಾಡಗಿಯದು, ಪುಡಿ ಯಾವ ಊರಿನದು?

ಮನೆ ಬಾಗಿಲಿಗೆ ಬಂದ ಪೊಟ್ಟಣದ ಮೇಲೆ ಹೆಸರಾಂತ ಕಂಪನಿಯ ಗುರುತು, ಒಳಗೆ ಮಾತ್ರ ನಕಲಿ ಮಾಲು. ಆನ್‌ಲೈನ್ ಖರೀದಿಯಲ್ಲಿ ಇದೇನೂ ಹೊಸತಲ್ಲ. ಮಕ್ಕಳ ವಿಡಿಯೊ ಗೇಮ್ ಕಂಟ್ರೋಲರ್‌ನಿಂದ ಮೊಬೈಲ್ ಚಾರ್ಜರ್‌ವರೆಗೆ ಎಲ್ಲಕ್ಕೂ ನಕಲು ಉಂಟು. ಆದರೆ ಕಂಪನಿಯ ಹೆಸರಿನಂತೆ ಊರಿನ ಹೆಸರೂ ನಕಲಾಗುತ್ತದೆ ಎಂಬುದಕ್ಕೆ ಬ್ಯಾಡಗಿ ಮೆಣಸಿನಕಾಯಿಯೇ ಸಾಕ್ಷಿ.

ಖಾರ ಕಡಿಮೆ, ಬಣ್ಣ ಹೆಚ್ಚು. ಇದೇ ಬ್ಯಾಡಗಿಯ ಹೆಗ್ಗಳಿಕೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆಯಿತು. ಹೆಸರಿಗೆ ಬೆಲೆ ಬಂದ ಮೇಲೆ ಆ ಹೆಸರನ್ನು ಕದಿಯುವವರೂ ಹುಟ್ಟಿಕೊಳ್ಳುತ್ತಾರೆ. ಅಗ್ಗದ ಕಾಯಿಯ ಪುಡಿಗೆ ಬಣ್ಣ ಬೆರೆಸಿ, ಪೊಟ್ಟಣದ ಮೇಲೆ 'ಬ್ಯಾಡಗಿ' ಎಂದು ಬರೆದರೆ ದೂರದ ಊರಿನ ಗ್ರಾಹಕನಿಗೆ ತಿಳಿಯುವುದು ಹೇಗೆ?

ಬ್ಯಾಡಗಿಯ ಮಾರುಕಟ್ಟೆಗೆ ಬರುವ ವ್ಯಾಪಾರಿ ಕಾಯನ್ನು ಕೈಯಲ್ಲಿ ಹಿಡಿದು, ಮುರಿದು, ಮೂಸಿ ನೋಡುತ್ತಾನೆ. ಮೊಬೈಲಿನ ಚಿತ್ರ ನೋಡಿ ಕೊಳ್ಳುವವನಿಗೆ ಆ ಅನುಕೂಲವಿಲ್ಲ. ಆದ್ದರಿಂದ ಮೊದಲ ಎಚ್ಚರಿಕೆ: ಪುಡಿಯ ಬದಲು ಇಡೀ ಕಾಯನ್ನೇ ತರಿಸಿ, ಮನೆಯಲ್ಲಿ ಪುಡಿ ಮಾಡಿಸುವುದು. ಕಡ್ಡಿ ಕಾಯಿ ಉದ್ದ, ತೆಳು, ಮೈತುಂಬ ಸುಕ್ಕು, ಬೀಜ ಕಡಿಮೆ. ಡಬ್ಬಿ ಕಾಯಿ ಗಿಡ್ಡ, ದಪ್ಪ, ಬೀಜ ಹೆಚ್ಚು. ನುಣುಪು ಮೈಯ, ನಾಲಿಗೆ ಉರಿಸುವ ಕಾಯಿ ಬಂದರೆ ಅನುಮಾನಿಸಲೇಬೇಕು. ಆದರೆ ಸುಕ್ಕುಗಟ್ಟುವ ಹೈಬ್ರಿಡ್ ತಳಿಗಳೂ ಇರುವುದರಿಂದ ಸುಕ್ಕೊಂದನ್ನೇ ನಂಬುವಂತಿಲ್ಲ.

ಪುಡಿಯೇ ಬಂದಿದ್ದರೆ ಒಂದು ಲೋಟ ನೀರಿನ ಮೇಲೆ ಒಂದು ಚಮಚ ಉದುರಿಸಬೇಕು. ಬಣ್ಣ ಗೆರೆಗೆರೆಯಾಗಿ ಕೆಳಗಿಳಿದರೆ ಕೃತಕ ಬಣ್ಣ ಸೇರಿದೆ ಎಂದರ್ಥ. ತಳದಲ್ಲಿ ಉಳಿದದ್ದನ್ನು ಬೆರಳಲ್ಲಿ ತಿಕ್ಕಿದಾಗ ಮರಳಿನಂತೆ ಗರಗರ ಎಂದರೆ ಇಟ್ಟಿಗೆ ಪುಡಿಯೋ ಮರಳೋ ಇದ್ದೀತು. ಆದರೆ ಈ ಪರೀಕ್ಷೆಗೂ ಮಿತಿಯುಂಟು. ಸುಡಾನ್ ಎಂಬ ಕೈಗಾರಿಕಾ ಬಣ್ಣ ನೀರಿನಲ್ಲಿ ಕರಗದು. ಮೆಣಸಿನಕಾಯಿಯ ಸಹಜ ಬಣ್ಣದಂತೆ ಎಣ್ಣೆಯಲ್ಲಿ ಕರಗುತ್ತದೆ. ಆಹಾರದಲ್ಲಿ ನಿಷಿದ್ಧವಾದ ಈ ಬಣ್ಣ ಖಾರಪುಡಿಯ ಮೂಲಕ ಒಂದು ಸಾಸ್‌ಗೆ ಸೇರಿದ್ದರಿಂದ 2005ರಲ್ಲಿ ಬ್ರಿಟನ್ನಿನ ಅಂಗಡಿಗಳಿಂದ ನೂರಾರು ತಿನಿಸುಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಇದನ್ನು ಹಿಡಿಯಲು ಪ್ರಯೋಗಾಲಯವೇ ಬೇಕು.

ನಕಲಿಯ ಪೆಟ್ಟು ಬೆಳೆಗಾರನಿಗೂ ತಪ್ಪಿದ್ದಲ್ಲ. ಬೀಜೋದ್ಯಮಕ್ಕೆ ಹೆಸರಾದ ರಾಣೆಬೆನ್ನೂರಿನಲ್ಲಿ ಕೊಂಡರೂ ಅಷ್ಟೇ, ಆನ್‌ಲೈನಿನಲ್ಲಿ ತರಿಸಿದರೂ ಅಷ್ಟೇ, ಬೀಜದ ಚೀಟಿಯಲ್ಲಿ ಲಾಟ್ ಸಂಖ್ಯೆ, ಮೊಳಕೆಯ ಪ್ರಮಾಣ, ಪರೀಕ್ಷೆಯ ದಿನಾಂಕ ನೋಡಿಯೇ ಬಿತ್ತಬೇಕು. ಬಿಲ್ಲು, ಖಾಲಿ ಪೊಟ್ಟಣ, ಒಂದು ಹಿಡಿ ಬೀಜ ಜೋಪಾನವಾಗಿರಲಿ. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿಯೇ ಹೇಳಿದೆ.

ಮೋಸ ಹೋದವರು ಮಾರಾಟಗಾರನ ಊರಿಗೆ ಅಲೆಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಬ್ಯಾಡಗಿ, ರಾಣೆಬೆನ್ನೂರಿನವರಿಗೆ ಹಾವೇರಿಯ ಜಿಲ್ಲಾ ಗ್ರಾಹಕ ಆಯೋಗವೇ ಸಾಕು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. 2 ವರ್ಷದೊಳಗೆ ದೂರು ಸಲ್ಲಿಸಬೇಕು. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ ಸಲಹೆ ಕೇಳಬಹುದು. ಪೊಟ್ಟಣದ ಮೇಲೆ ಆಹಾರ ಸುರಕ್ಷತಾ ಪರವಾನಗಿಯ 14 ಅಂಕಿಗಳು, ತಯಾರಕರ ವಿಳಾಸ ಇವೆಯೇ ಎಂದು ನೋಡುವುದು, ಬಿಚ್ಚುವಾಗ ವಿಡಿಯೊ ಮಾಡಿಕೊಳ್ಳುವುದು ಮುಂದೆ ನೆರವಿಗೆ ಬರುತ್ತದೆ.

ಕೆಟ್ಟ ಪುಡಿ ತಿಂದ ಗ್ರಾಹಕ ಪುಡಿ ಮಾಡಿದವನನ್ನು ಬೈಯುವುದಿಲ್ಲ. 'ಬ್ಯಾಡಗಿಯೇ ಹೀಗೆ' ಎನ್ನುತ್ತಾನೆ. ಆ ಮಾತಿನ ಬೆಲೆ ತೆರಬೇಕಾದವನು ಮಾತ್ರ ಹೊಲದಲ್ಲಿ ದುಡಿದ ರೈತ.